ಸುಣ್ಣದ ಗೆರೆ ಸಿಕ್ಕ ಕತೆ

ಚನ್ನಗಿರಿ ತಾಲ್ಲೂಕಿನ ಸಂತೇಬೆನ್ನೂರಿನಲ್ಲಿ ಪುಷ್ಕರಣಿಯ ನಡುವೆ ನಿಂತಿರುವ ವಸಂತಮಂಟಪ ಯಾವುದರಿಂದ ಕಟ್ಟಿದ್ದು ಎಂದು ಕೇಳಿದರೆ ಕಲ್ಲು, ಗಾರೆ ಎಂದು ಯಾರಾದರೂ ಹೇಳುತ್ತಾರೆ. ಗಾರೆಯಲ್ಲಿ ಏನೇನಿದೆ ಎಂದು ಕೇಳಿದರೆ ಮಾತ್ರ ಉತ್ತರ ಊರಿಗೊಂದು ಬಗೆ. ಒಬ್ಬರು ಸುಣ್ಣ, ಮರಳು ಎನ್ನುತ್ತಾರೆ. ಇನ್ನೊಬ್ಬರು ಬೆಲ್ಲದ ನೀರು, ಅಳಲೆಕಾಯಿ ಸೇರಿಸುತ್ತಾರೆ. ಮತ್ತೊಬ್ಬರು ಇಟ್ಟಿಗೆ ಪುಡಿ ಇತ್ತು ಎನ್ನುತ್ತಾರೆ. ಸುಣ್ಣ ಎಂಥದ್ದು, ಮರಳು ಎಲ್ಲಿಯದು, ಆಮೇಲೆ ಯಾರಾದರೂ ಮೇಲೆ ಏನಾದರೂ ಬಳಿದರೇ? ಇದನ್ನು ಗಾರೆಗಾರರ ಮೊಮ್ಮಕ್ಕಳೂ ಹೇಳಲಾರರು. ಈಗ ಆ ಗಾರೆಯೇ ಬಾಯಿ ಬಿಡುವಂತೆ ಮಾಡುವ ಒಂದು ಉಪಾಯ ಇದೆ. ಅದರ ಮೇಲೆ ಲೇಸರ್ ಕಿರಣ ಹಾಯಿಸಿ, ತಿರುಗಿ ಬರುವ ಬೆಳಕನ್ನು ಬಣ್ಣಬಣ್ಣವಾಗಿ ಬಿಡಿಸಿ ನೋಡುವುದು. ಆ ಉಪಾಯ ಸಿಕ್ಕ ಕತೆಯ ಒಂದು ದೊಡ್ಡ ಪಾಲು ನಮ್ಮ ಬೆಂಗಳೂರಿನಲ್ಲೇ ನಡೆದಿದೆ.

ಕತೆ ಶುರುವಾಗುವುದು ಸಮುದ್ರದ ಮೇಲೆ. 1921ರಲ್ಲಿ ಸಿ.ವಿ. ರಾಮನ್ ಇಂಗ್ಲೆಂಡಿನಿಂದ ಎಸ್.ಎಸ್. ನರ್ಕುಂಡ ಎಂಬ ಹಡಗಿನಲ್ಲಿ ಮರಳಿ ಬರುತ್ತಿದ್ದರು. ಮೆಡಿಟರೇನಿಯನ್ ಸಮುದ್ರದ ನೀಲಿ ಅವರನ್ನು ಹಿಡಿದು ನಿಲ್ಲಿಸಿತು. ಸಮುದ್ರ ನೀಲಿಯಾಗಿರುವುದು ಆಕಾಶದ ಪ್ರತಿಬಿಂಬದಿಂದ ಎಂದು ಆಗಿನ ದೊಡ್ಡ ವಿಜ್ಞಾನಿಗಳೇ ಹೇಳುತ್ತಿದ್ದ ಕಾಲ. ರಾಮನ್ ತಮ್ಮಲ್ಲಿದ್ದ ನಿಕಾಲ್ ಪಟ್ಟಕವನ್ನು ಕಣ್ಣಿಗೆ ಹಿಡಿದು, ಪ್ರತಿಫಲಿಸುವ ಬೆಳಕನ್ನು ಅದರಿಂದ ಅಡ್ಡಗಟ್ಟಿ ನೋಡಿದರು. ನೀಲಿ ಹೋಗಲಿಲ್ಲ, ಇನ್ನೂ ಗಾಢವಾಯಿತು. ಬಣ್ಣ ನೀರಿನದೇ; ನೀರಿನ ಅಣುಗಳು ಬೆಳಕನ್ನು ಚದುರಿಸುವುದರಿಂದ ಬಂದದ್ದು ಎಂದು ಅವರು ತೀರ್ಮಾನಿಸಿದರು. ಇಲ್ಲಿ ಒಂದು ಸಂಗತಿ ಹೇಳದೆ ಮುಂದೆ ಹೋಗಲಾರೆ. ನಿಕಾಲ್ ಪಟ್ಟಕವನ್ನು ಮಾಡುವುದು ಕ್ಯಾಲ್ಸೈಟ್ ಎಂಬ ತಿಳಿಯಾದ ಹರಳಿನಿಂದ. ಸುಣ್ಣದ ಗಾರೆ ಗಾಳಿಗೆ ಗಟ್ಟಿಯಾದಾಗ ಆಗುವುದೂ ಅದೇ ಕ್ಯಾಲ್ಸೈಟ್. ಮುಂದೆ ಗಾರೆಯ ಗುಟ್ಟು ಹೇಳಲಿದ್ದ ಶೋಧ ಮೊದಲ ಹೆಜ್ಜೆ ಇಟ್ಟದ್ದೇ ಸುಣ್ಣದ ಹರಳಿನ ಮೂಲಕ.

ಕಲ್ಕತ್ತದ ಬೌಬಜಾರ್ ಬೀದಿಯ ಪ್ರಯೋಗಶಾಲೆಯಲ್ಲಿ ಮುಂದಿನ ಏಳು ವರ್ಷ ಇದೇ ಗೀಳು. ದ್ರವ, ಅನಿಲ, ಮಂಜುಗಡ್ಡೆ, ಗಾಜು, ಹೀಗೆ ಸಿಕ್ಕಿದ್ದರ ಮೇಲೆಲ್ಲ ಬೆಳಕು ಹಾಯಿಸಿ ಚದುರಿ ಬರುವುದನ್ನು ನೋಡಿದರು. 1923ರಲ್ಲೇ ರಾಮನ್ ಜೊತೆ ದುಡಿಯುತ್ತಿದ್ದ ಕೆ.ಆರ್. ರಾಮನಾಥನ್ ಅವರಿಗೆ ಒಂದು ಸಣ್ಣ ವ್ಯತ್ಯಾಸ ಕಂಡಿತ್ತು. ಹಾಯಿಸಿದ ಬಣ್ಣದ ಜೊತೆಗೆ ಬೇರೊಂದು ಬಣ್ಣದ ಮಸುಕು ಬೆಳಕು ಬರುತ್ತಿತ್ತು. ದ್ರವದಲ್ಲಿ ಕಲ್ಮಶ ಇರಬೇಕು ಎಂದುಕೊಂಡು ಮತ್ತೆ ಮತ್ತೆ ಬಟ್ಟಿ ಇಳಿಸಿದರು. ಎಷ್ಟು ಶುದ್ಧ ಮಾಡಿದರೂ ಅದು ಹೋಗಲಿಲ್ಲ. 1927ರ ಕೊನೆಯಲ್ಲಿ ಅದೇ ಪ್ರಯೋಗಶಾಲೆಯ ಎಸ್. ವೆಂಕಟೇಶ್ವರನ್ ಗ್ಲಿಸರಿನ್ ಮೇಲೆ ಬಿಸಿಲು ಹಾಯಿಸಿದಾಗ ನೀಲಿಯ ಬದಲು ಹಸಿರು ಛಾಯೆಯ ಬೆಳಕು ಬಂತು. ಅಲ್ಲಿಗೆ ಇದು ಕಲ್ಮಶದ ಕೆಲಸ ಅಲ್ಲ ಎಂಬುದು ರಾಮನ್ ಅವರಿಗೆ ಖಚಿತವಾಯಿತು. ಕೆ.ಎಸ್. ಕೃಷ್ಣನ್ ಜೊತೆ ಸೇರಿ ಹಗಲಿರುಳು ದುಡಿದು, 1928ರ ಫೆಬ್ರವರಿ 28ರಂದು ಆ ಬೆಳಕನ್ನು, ಬಣ್ಣಗಳನ್ನು ಬಿಡಿಸಿ ತೋರಿಸುವ ರೋಹಿತದರ್ಶಕದಲ್ಲಿ ಬೇರೆಯಾಗಿಯೇ ಕಂಡರು. ಮುಂದೆ ಪಾದರಸದ ದೀಪ ಬಳಸಿದಾಗ ಹಾಯಿಸಿದ ಬೆಳಕಿನ ಗೆರೆಗಳ ಪಕ್ಕದಲ್ಲಿ ಹೊಸ ಗೆರೆಗಳು ಚೊಕ್ಕವಾಗಿ ನಿಂತವು. ಅದೇ ದಿನಗಳಲ್ಲಿ ಮಾಸ್ಕೋದ ಲ್ಯಾಂಡ್ಸ್‌ಬರ್ಗ್ ಮತ್ತು ಮ್ಯಾಂಡೆಲ್‌ಸ್ಟಾಮ್ ಬೆಣಚುಕಲ್ಲಿನ ಹರಳಿನಲ್ಲಿ ಇದನ್ನೇ ಕಂಡಿದ್ದರು ಎಂಬುದನ್ನೂ ನೆನೆಯಬೇಕು.

ಈ ಶೋಧವನ್ನು ರಾಮನ್ ವಿದ್ವಾಂಸರ ಮುಂದೆ ವಿವರವಾಗಿ ಬಿಚ್ಚಿಟ್ಟದ್ದು ಬೆಂಗಳೂರಿನಲ್ಲಿ, 1928ರ ಮಾರ್ಚ್ 16ರಂದು, ಸೆಂಟ್ರಲ್ ಕಾಲೇಜಿನಲ್ಲಿ ದಕ್ಷಿಣ ಭಾರತ ವಿಜ್ಞಾನ ಸಂಘದ ಸಭೆಯಲ್ಲಿ. ಫೆಬ್ರವರಿ 28ನ್ನು ವಿಜ್ಞಾನ ದಿನವೆಂದು ಆಚರಿಸುವ ನಮ್ಮ ಶಾಲೆಗಳಲ್ಲಿ ಈ ಎರಡನೆಯ ದಿನಾಂಕವನ್ನೂ ಮಕ್ಕಳಿಗೆ ಹೇಳಬೇಕು. 1930ರಲ್ಲಿ ನೊಬೆಲ್ ಬಂತು. 1933ರಲ್ಲಿ ರಾಮನ್ ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರಾಗಿ ಬೆಂಗಳೂರಿಗೇ ಬಂದರು. 1970ರಲ್ಲಿ ತೀರಿಕೊಳ್ಳುವವರೆಗೂ ಇಲ್ಲಿಯೇ ಇದ್ದರು.

ಆ ಹೊಸ ಗೆರೆಗಳಲ್ಲಿ ಏನಿದೆ? ಒಂದೇ ಬಣ್ಣದ ಬೆಳಕನ್ನು ಒಂದು ವಸ್ತುವಿನ ಮೇಲೆ ಬಿಟ್ಟರೆ ಚದುರಿ ಬರುವುದರಲ್ಲಿ ಬಹುಪಾಲು ಅದೇ ಬಣ್ಣದ್ದು. ಸುಮಾರು ಒಂದು ಕೋಟಿ ಫೋಟಾನುಗಳಲ್ಲಿ, ಎಂದರೆ ಬೆಳಕಿನ ಕಣಗಳಲ್ಲಿ, ಒಂದು ಮಾತ್ರ ಅಣುವಿನ ಕಂಪನಕ್ಕೆ ತನ್ನ ಶಕ್ತಿಯಲ್ಲಿ ಸ್ವಲ್ಪ ಕೊಟ್ಟು, ಬಣ್ಣ ಬದಲಿಸಿಕೊಂಡು ಬರುತ್ತದೆ. ಎಷ್ಟು ಕೊಟ್ಟಿತು ಎಂಬುದು ಅಣು ಹೇಗೆ ಕಂಪಿಸುತ್ತದೆ ಎಂಬುದರ ಮೇಲೆ ನಿಂತಿದೆ. ಸಂತೆಯಲ್ಲಿ ಮಡಕೆ ಕೊಳ್ಳುವಾಗ ಬೆರಳಿನಿಂದ ತಟ್ಟಿ ದನಿ ಕೇಳುತ್ತೇವಲ್ಲ, ಒಡಕು ಮಡಕೆಯ ದನಿ ಬೇರೆ, ಗಟ್ಟಿ ಮಡಕೆಯದು ಬೇರೆ. ಇಲ್ಲಿ ತಟ್ಟುವ ಬೆರಳು ಬೆಳಕು. ವಿಜ್ಞಾನಿಗಳು ಆ ವ್ಯತ್ಯಾಸವನ್ನು ಒಂದು ಸೆಂಟಿಮೀಟರಿಗೆ ಎಷ್ಟು ಅಲೆ ಎಂಬ ಲೆಕ್ಕದಲ್ಲಿ ಬರೆಯುತ್ತಾರೆ. ಕ್ಯಾಲ್ಸೈಟಿನಲ್ಲಿ ಒಂದು ಕಾರ್ಬನ್ ಸುತ್ತ ಮೂರು ಆಮ್ಲಜನಕ. ಆ ಮೂರೂ ಒಟ್ಟಿಗೆ ಹಿಗ್ಗಿ ಕುಗ್ಗುವ ಕಂಪನದ ಗೆರೆ 1086ರಲ್ಲಿ ಬರುತ್ತದೆ. ಬೆಣಚುಕಲ್ಲಿನದು 464. ಜಿಪ್ಸಮ್ಮಿನದು 1008. ಲೋಕದ ಯಾವ ಮೂಲೆಯ ಕ್ಯಾಲ್ಸೈಟ್ ತಂದರೂ ಅದೇ 1086. ಹಳೆಯ ಕಟ್ಟಡ ಪರೀಕ್ಷಿಸುವವರಿಗೆ ಇದಕ್ಕಿಂತ ನಂಬುಗೆಯ ಸಾಕ್ಷಿ ಬೇಕಿಲ್ಲ.

ಆದರೂ 1928ರಿಂದ ಮೂವತ್ತು ವರ್ಷ ಈ ಸಾಕ್ಷಿಯನ್ನು ಗಾರೆಯ ತನಕ ತರಲು ಆಗಲಿಲ್ಲ. ಕಾರಣ ಬೆಳಕಿನ ಬಡತನ. ಪಾದರಸದ ದೀಪ ಎಷ್ಟು ಪ್ರಖರವಾಗಿದ್ದರೂ ಕೋಟಿಗೊಂದು ಫೋಟಾನನ್ನು ಫೋಟೋ ತಟ್ಟೆಯ ಮೇಲೆ ಹಿಡಿಯಲು ಗಂಟೆಗಟ್ಟಲೆ, ಕೆಲವೊಮ್ಮೆ ದಿನಗಟ್ಟಲೆ ಕಾಯಬೇಕಿತ್ತು. ತಿಳಿಯಾದ ದ್ರವವೋ ದೊಡ್ಡ ಹರಳೋ ಆದರೆ ಸರಿ; ಮಾಸಿದ, ಪುಡಿಯಾದ, ಹಾವಸೆ ಹಿಡಿದ ಗಾರೆಯ ಚೂರಿನಿಂದ ಏನೂ ದಕ್ಕುತ್ತಿರಲಿಲ್ಲ. ಆ ಕಷ್ಟದ ಕಾಲದಲ್ಲೂ ಬೆಂಗಳೂರಿನವರು ಹರಳುಗಳನ್ನು ಬಿಡಲಿಲ್ಲ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಆರ್.ಎಸ್. ಕೃಷ್ಣನ್ 1940ರ ದಶಕದಲ್ಲಿ ಪಾದರಸದ ಅತಿನೇರಳೆ ಗೆರೆಯನ್ನು ಬಳಸಿ ಕ್ಯಾಲ್ಸೈಟ್, ಜಿಪ್ಸಮ್, ವಜ್ರಗಳ ರಾಮನ್ ರೋಹಿತವನ್ನು ಆವರೆಗೆ ಯಾರೂ ಕಾಣದಷ್ಟು ವಿವರವಾಗಿ ದಾಖಲಿಸಿದರು. ಅವರ ಗುರಿ ಹರಳಿನ ಭೌತಶಾಸ್ತ್ರವೇ ಹೊರತು ಕಟ್ಟಡ ಅಲ್ಲ. ಹಾಗಿದ್ದರೂ ಅವರು ಆರಿಸಿದ ಖನಿಜಗಳಲ್ಲಿ ಎರಡು ಹಳೆಯ ಗಾರೆ ನೋಡುವವರು ಇಂದು ಮೊಟ್ಟಮೊದಲು ಹುಡುಕುವಂಥವು. ರಾಮನ್ ಸ್ವತಃ ಕಲ್ಲುಗಳ ಹುಚ್ಚಿನವರು. ಅವರ ಸಂಶೋಧನಾ ಸಂಸ್ಥೆಯಲ್ಲಿ ಅವರು ಕೂಡಿಸಿದ ಹರಳು, ಖನಿಜಗಳ ದೊಡ್ಡ ಸಂಗ್ರಹವೇ ಇದೆ.

1960ರ ಮೇ 16ರಂದು ಅಮೆರಿಕದ ಮ್ಯಾಲಿಬುವಿನಲ್ಲಿ ಥಿಯೋಡರ್ ಮೈಮನ್ ಮಾಣಿಕ್ಯದ ಕಡ್ಡಿಯಿಂದ ಮೊದಲ ಲೇಸರ್ ಹೊಮ್ಮಿಸಿದರು. ಒಂದೇ ಬಣ್ಣ, ಒಂದೇ ದಿಕ್ಕು, ಸೂಜಿಮೊನೆಯಷ್ಟು ಜಾಗಕ್ಕೆ ಇಳಿಸಬಹುದಾದ ತೀಕ್ಷ್ಣತೆ. ರಾಮನ್ ಗೆರೆಗಳಿಗೆ ಬೇಕಾಗಿದ್ದುದು ಇದೇ. 1962ರಲ್ಲಿ ಪೋರ್ಟೊ ಮತ್ತು ವುಡ್ ಮಾಣಿಕ್ಯದ ಲೇಸರಿನಿಂದ ರಾಮನ್ ರೋಹಿತ ತೆಗೆದರು. 1970ರ ದಶಕದ ನಡುವೆ ಫ್ರಾನ್ಸಿನ ಲೀಲ್ ನಗರದಲ್ಲಿ ದೆಲ್ಹೇ ಮತ್ತು ದಾಮೆಲಿಂಕೂರ್ ಲೇಸರನ್ನು ಸೂಕ್ಷ್ಮದರ್ಶಕದೊಳಗೆ ಇಳಿಸಿದರು. ಅಲ್ಲಿಂದ ಸಾಸಿವೆಗಿಂತ ಚಿಕ್ಕ ಕಾಳನ್ನೂ ಪ್ರತ್ಯೇಕವಾಗಿ ವಿಚಾರಿಸುವುದು ಸಾಧ್ಯವಾಯಿತು. ಚಿತ್ರ, ಹಸ್ತಪ್ರತಿ, ಗೋಡೆ, ಗಾರೆ ಎಲ್ಲಕ್ಕೂ ದಾರಿ ತೆರೆದದ್ದು ಹೀಗೆ.

ಸಂತೇಬೆನ್ನೂರಿನಂಥ ಕಡೆ ಈ ಕಿರಣ ಏನು ಹೇಳಬಲ್ಲದು? ಅಲ್ಲಿ ಒಂದೇ ನೀರಿನ ದಡದಲ್ಲಿ ಎರಡು ಕೈಗಳ ಕೆಲಸ ಇದೆ. ಪುಷ್ಕರಣಿ, ವಸಂತಮಂಟಪ ಪಾಳೆಯಗಾರ ಕೆಂಗ ಹನುಮಪ್ಪ ನಾಯಕನ ಕಾಲದವು, 16ನೇ ಶತಮಾನದವು. ಪಕ್ಕದ ಮುಸಾಫಿರ್‌ಖಾನೆ 17ನೇ ಶತಮಾನದಲ್ಲಿ ಬಂದ ಬಿಜಾಪುರದ ಸೇನಾಪತಿ ರಣದುಲ್ಲಾ ಖಾನನ ಕಾಲದ್ದು. ಅರಸರು ಬದಲಾದರು, ಗಾರೆ ಅರೆದವರೂ ಬದಲಾದರೇ, ಅಥವಾ ಅದೇ ಊರಿನ ಅದೇ ಮನೆತನಗಳವರು ಹೊಸ ಒಡೆಯನಿಗೂ ಸುಣ್ಣ ಕಲಸಿದರೇ? ಶಾಸನ, ಬಖೈರು ಇಂಥ ಪ್ರಶ್ನೆಗೆ ಉತ್ತರ ಕೊಡುವುದಿಲ್ಲ. ಎರಡು ಗೋಡೆಗಳ ಗಾರೆ ಕೊಡಬಹುದು.

ಹೇಗೆಂದರೆ, ಗಾರೆಯ ಒಂದು ಸಣ್ಣ ಚೂರನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ಲೇಸರನ್ನು ಒಂದೊಂದೇ ಕಾಳಿನ ಮೇಲೆ ನಿಲ್ಲಿಸುತ್ತ ಹೋಗುವುದು. ಬಿಳಿ ಭಾಗ 1086 ಎನ್ನುತ್ತದೆ. ಸುಣ್ಣ ಗಾಳಿಯ ಕಾರ್ಬನ್ ಡೈಆಕ್ಸೈಡ್ ಕುಡಿದು ಕ್ಯಾಲ್ಸೈಟ್ ಆಗಿದೆ ಎಂದರ್ಥ. ಎಲ್ಲೋ ಒಳಗೆ 357ರ ಬಳಿ ಗೆರೆ ಬಂದರೆ ಗಾಳಿ ತಾಗದೆ ಉಳಿದ ಅರಳಿದ ಸುಣ್ಣ ಇನ್ನೂ ಇದೆ. ಹೊಳೆಯುವ ಕಾಳು 464 ಎಂದರೆ ಅದು ಬೆಣಚಿನ ಮರಳು. ಕೆಂಪು ಕಾಳಿನಿಂದ 225, 292, 411ರ ಗುಂಪು ಬಂದರೆ ಅದು ಹೆಮಟೈಟ್. ಇಟ್ಟಿಗೆ ಪುಡಿಯಲ್ಲಿ ಹೆಚ್ಚಾಗಿ ಸಿಗುವುದು ಇದೇ. ಕಪ್ಪು ಚುಕ್ಕಿಯಿಂದ 1350 ಮತ್ತು 1590ರ ಸುತ್ತ ಅಗಲವಾದ ಎರಡು ದಿಬ್ಬ ಎದ್ದರೆ ಅದು ಇದ್ದಿಲು, ಸುಣ್ಣದ ಗೂಡಿನಿಂದ ಜೊತೆಗೇ ಬಂದ ಸೌದೆಯ ಚೂರು. ಆ ಇದ್ದಿಲು ಸಿಕ್ಕಿತೆಂದರೆ ಕಾರ್ಬನ್-14 ವಿಧಾನದಿಂದ ಕಟ್ಟಡದ ವಯಸ್ಸು ಅಳೆಯುವ ದಾರಿಯೂ ತೆರೆಯುತ್ತದೆ. ಕೈಬೆರಳಿನ ಉಗುರಿನಷ್ಟು ಚೂರಿನಲ್ಲಿ ಸುಣ್ಣದ ಗೂಡು, ಹೊಳೆ, ಇಟ್ಟಿಗೆ ಗೂಡು ಮೂರೂ ಇರುತ್ತವೆ.

ಇಟ್ಟಿಗೆ ಪುಡಿ ಎಂದರೆ ಬರಿಯ ಬಣ್ಣಕ್ಕೆ ಹಾಕಿದ್ದಲ್ಲ. ಸುಟ್ಟ ಮಣ್ಣಿನಲ್ಲಿರುವ ಸಿಲಿಕ, ಅಲ್ಯುಮಿನ ಸುಣ್ಣದೊಂದಿಗೆ ಸೇರಿ ನೀರಿನಲ್ಲೂ ಗಟ್ಟಿಯಾಗುವ ಬಂಧ ಕಟ್ಟುತ್ತವೆ. ಇದನ್ನೇ ಸುರ್ಕಿ ಗಾರೆ ಎನ್ನುವುದು. 1911ರಲ್ಲಿ ಶುರುವಾದ ಕನ್ನಂಬಾಡಿ ಕಟ್ಟೆ ಎದ್ದದ್ದು ಸುರ್ಕಿ ಗಾರೆಯಿಂದ. ನೀರಿನ ನಡುವಿನ ಮಂಟಪದಲ್ಲಿ ಸುರ್ಕಿ ಸಿಗುತ್ತದೆಯೇ, ನೆಲದ ಮೇಲಿನ ಗೋಡೆಯಲ್ಲಿ ಅದು ಇಲ್ಲವೇ ಎಂದು ನೋಡಿದರೆ ಆ ಕಾಲದ ಕೆಲಸಗಾರರಿಗೆ ಎಷ್ಟು ತಿಳಿದಿತ್ತು ಎಂಬುದು ಗೊತ್ತಾದೀತು.

ರೋಮನ್ನರ ಗಾರೆಯ ಕತೆ ಇಲ್ಲಿ ನೆನಪಾಗುತ್ತದೆ. ಅವರ ಕಾಂಕ್ರೀಟಿನಲ್ಲಿ ಬಿಳಿ ಗಂಟುಗಳು ಕಾಣುತ್ತವೆ. ಸರಿಯಾಗಿ ಕಲಸದೆ ಉಳಿದ ಸುಣ್ಣ ಎಂದು ಬಹಳ ಕಾಲ ಅದನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ. ಎಂಐಟಿಯ ಅದ್ಮಿರ್ ಮಾಸಿಚ್ ತಂಡ ಇಟಲಿಯ ಪ್ರಿವರ್ನಮ್‌ನ ಚೂರುಗಳನ್ನು ರಾಮನ್ ಸೂಕ್ಷ್ಮದರ್ಶಕವೂ ಸೇರಿ ಹಲವು ಉಪಕರಣಗಳಲ್ಲಿ ನೋಡಿ 2023ರಲ್ಲಿ ಬೇರೆಯೇ ಮಾತು ಹೇಳಿತು. ಅರಳಿಸದ ಸುಟ್ಟ ಸುಣ್ಣವನ್ನೇ ನೇರವಾಗಿ ಬೆರೆಸಿ ಬಿಸಿಬಿಸಿಯಾಗಿ ಕಲಸಿದ್ದರಿಂದ ಆ ಗಂಟುಗಳಾಗಿವೆ. ಮುಂದೆ ಬಿರುಕು ಬಿಟ್ಟು ನೀರು ಇಳಿದಾಗ ಗಂಟಿನ ಸುಣ್ಣ ಕರಗಿ ಬಿರುಕನ್ನು ತುಂಬುತ್ತದೆ. ನಮ್ಮ ಹಳೆಯ ಗಾರೆಗಳಲ್ಲೂ ಬಿಳಿ ಗಂಟು ಕಾಣಸಿಗುತ್ತವೆ. ಹಾಗೆಂದು ನಮ್ಮವರೂ ಅದೇ ವಿಧಾನ ಬಳಸಿದರು ಎಂದು ಹೇಳಿಬಿಡುವುದು ಆತುರ. ಕೊಳೆಸಿದ ಸುಣ್ಣವನ್ನು ಎತ್ತಿನ ಗಾಣದಲ್ಲಿ ಅರೆದು ಗಾರೆ ಮಾಡುವ ನಮ್ಮ ದಾರಿ ಬೇರೆ. ನೋಡಿಯೇ ಹೇಳಬೇಕು.

ಲೇಸರಿಗೆ ಇನ್ನೊಂದು ಕೆಲಸವೂ ಗೊತ್ತು. 1962ರಲ್ಲೇ ಬ್ರೆಚ್ ಮತ್ತು ಕ್ರಾಸ್ ಎಂಬ ಇಬ್ಬರು ಮಾಣಿಕ್ಯದ ಲೇಸರಿನ ಮಿಡಿತದಿಂದ ವಸ್ತುವಿನ ಕಣವನ್ನು ಆವಿಮಾಡಿ ಅದರ ಬೆಳಕನ್ನು ಬಿಡಿಸಿ ನೋಡಿದರು. ಈಗ ಅದು ಲಿಬ್ಸ್ ಎಂಬ ಹೆಸರಿನಲ್ಲಿ ಬೆಳೆದಿದೆ. ನ್ಯಾನೊಸೆಕೆಂಡಿನ ಒಂದು ಮಿಡಿತ ಬಿದ್ದ ಜಾಗದಲ್ಲಿ ಸಾವಿರಾರು ಡಿಗ್ರಿ ಬಿಸಿಯ ಕಿಡಿ ಏಳುತ್ತದೆ. ಕಿಡಿ ಆರುವಾಗ ಒಂದೊಂದು ಧಾತುವೂ ತನ್ನದೇ ಬಣ್ಣದ ಗೆರೆ ಬಿಡುತ್ತದೆ. ಉಳಿಯುವ ಗುಳಿ ಬರಿಗಣ್ಣಿಗೆ ಕಂಡೂ ಕಾಣದಷ್ಟು. ರಾಮನ್ ವಿಧಾನ ಖನಿಜ ಯಾವುದು ಎನ್ನುತ್ತದೆ. ಲಿಬ್ಸ್ ಅದರಲ್ಲಿ ಯಾವ ಧಾತುಗಳಿವೆ ಎನ್ನುತ್ತದೆ. ಈ ಉಪಕರಣದ ದೊಡ್ಡ ಪಯಣವೂ ಬೆಂಗಳೂರಿನದೇ. 2023ರ ಆಗಸ್ಟ್ 23ರಂದು ಚಂದ್ರಯಾನ-3 ಇಳಿದ ಮೇಲೆ ಪ್ರಜ್ಞಾನ್ ಗಾಡಿಯಲ್ಲಿದ್ದ ಲಿಬ್ಸ್ ಚಂದ್ರನ ದಕ್ಷಿಣ ಧ್ರುವದ ಕಡೆಯ ಮಣ್ಣಿನಲ್ಲಿ ಗಂಧಕ ಇದೆ ಎಂದು ಸ್ಥಳದಲ್ಲೇ ತೋರಿಸಿತು. ಅಲ್ಯುಮಿನಿಯಂ, ಕ್ಯಾಲ್ಸಿಯಂ, ಕಬ್ಬಿಣ, ಟೈಟಾನಿಯಂಗಳ ಗೆರೆಗಳೂ ಕಂಡವು. ಆ ಉಪಕರಣವನ್ನು ಮಾಡಿದ್ದು ಬೆಂಗಳೂರಿನ ಪೀಣ್ಯದಲ್ಲಿರುವ ಇಸ್ರೋದ ವಿದ್ಯುತ್-ದ್ಯುತಿ ವ್ಯವಸ್ಥೆಗಳ ಪ್ರಯೋಗಾಲಯ.

ನಮ್ಮ ಗುಡಿಗಳಿಗೆ ಲಿಬ್ಸ್ ಅತಿ ಹೆಚ್ಚು ಬೇಕಾಗಿರುವುದು ಬಣ್ಣದ ವಿಷಯದಲ್ಲಿ. ಹೊನ್ನಾಳಿ, ನ್ಯಾಮತಿ ಕಡೆಯ ಹಳ್ಳಿಗಳಲ್ಲಿ ಹಳೆಯ ಗುಡಿಗೆ ಜಾತ್ರೆ ಬಂದಾಗಲೆಲ್ಲ ಸುಣ್ಣ ಬಳಿಯುತ್ತಿದ್ದರು. ಈಗ ಆಯಿಲ್ ಪೇಂಟ್ ಹೊಡೆಸುತ್ತಾರೆ. ಒಂದೇ ಜಾಗಕ್ಕೆ ಮಿಡಿತದ ಮೇಲೆ ಮಿಡಿತ ಕೊಡುತ್ತ ಹೋದರೆ ಪದರದ ಕೆಳಗಿನ ಪದರ ಒಂದೊಂದಾಗಿ ತೆರೆಯುತ್ತದೆ. ಟೈಟಾನಿಯಂ ಗೆರೆ ಜೋರಾಗಿ ಕಂಡ ಬಿಳಿ ಪದರ 1920ರ ದಶಕದ ಈಚಿನದು, ಏಕೆಂದರೆ ಟೈಟಾನಿಯಂ ಬಿಳಿ ಪೇಟೆಗೆ ಬಂದದ್ದೇ ಆ ಹೊತ್ತಿಗೆ. ಅದರ ಕೆಳಗೆ ಬರಿಯ ಕ್ಯಾಲ್ಸಿಯಂ ಬಂದರೆ ಸುಣ್ಣ. ಅದರ ಕೆಳಗೆ ಮೆಗ್ನೀಸಿಯಂ, ಸಿಲಿಕಾನ್ ಒಟ್ಟಿಗೆ ಬಂದರೆ ಬಳಪದ ಕಲ್ಲು ತಾಗಿತು, ಅಲ್ಲಿಗೆ ನಿಲ್ಲಿಸಬೇಕು. ಕಲ್ಯಾಣದ ಚಾಲುಕ್ಯ, ಹೊಯ್ಸಳರ ಕಾಲದ ಶಿಲ್ಪಿಗಳು ಇಷ್ಟಪಟ್ಟ ಆ ಮೆದು ಕಲ್ಲನ್ನು ಪೇಂಟ್ ತೆಗೆಯುವ ಭರದಲ್ಲಿ ಮರಳು ಬೀಸಿ ಉಜ್ಜಿದರೆ ಬಣ್ಣದ ಜೊತೆ ಕೆತ್ತನೆಯೂ ಹೋಗುತ್ತದೆ. ಎಷ್ಟು ಪದರ, ಯಾವ ಬಣ್ಣ ಎಂದು ಮೊದಲೇ ತಿಳಿದರೆ ಯಾವ ದ್ರಾವಣದಿಂದ ತೆಗೆಯಬೇಕು ಎಂಬುದೂ ತಿಳಿಯುತ್ತದೆ.

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು, ಈ ನಾಲ್ಕು ತಾಲ್ಲೂಕುಗಳ ನೆಲವೇ ಹಾಗೆ, ಕಲ್ಲಿನ ಬಗೆಗಳಿಗೆ ಬರವಿಲ್ಲ. ಹೊನ್ನಾಳಿ ತುಂಗಭದ್ರೆಯ ದಡದಲ್ಲಿದೆ. ಹೊಳೆಯ ಮರಳಿನಲ್ಲಿ ಬೆಣಚಿನ ಜೊತೆ ದೂರದ ಬೆಟ್ಟಗಳ ಖನಿಜಗಳೂ ಬೆರೆತಿರುತ್ತವೆ, ಹಳ್ಳದ ಮರಳಿನಲ್ಲಿ ಹತ್ತಿರದ ಕಲ್ಲೇ ಹೆಚ್ಚು. ನ್ಯಾಮತಿ ಕಡೆಯ ಕುದುರೆಕೊಂಡದ ಬೆಣಚಿನ ಎಳೆಗಳಲ್ಲಿ ಚಿನ್ನಕ್ಕಾಗಿ ಬ್ರಿಟಿಷರ ಕಾಲದಲ್ಲಿ ಗಣಿ ತೋಡಿದ್ದರು. ಜಗಳೂರಿನ ಹಳೆಯ ಮನೆಗಳು ಕಬ್ಬಿಣದ ಬಣ್ಣದ ಕಲ್ಲಿನವು, ಮಟ್ಟಸ ಮಾಳಿಗೆಯವು ಎಂದು ಹಳೆಯ ಮೈಸೂರು ಗೆಜೆಟಿಯರ್ ಬರೆದಿದೆ. ಆ ಬಣ್ಣ ಹೆಮಟೈಟಿನದೋ ಬೇರೆ ಕಬ್ಬಿಣದ ಖನಿಜದ್ದೋ ಎಂಬುದನ್ನು ರಾಮನ್ ಗೆರೆ ಕ್ಷಣದಲ್ಲಿ ಹೇಳುತ್ತದೆ. ಮಾಳಿಗೆಯ ಮೇಲೆ ಹರಡುತ್ತಿದ್ದ ಕರಲು ಮಣ್ಣಿನಲ್ಲಿ ಯಾವ ಉಪ್ಪುಗಳಿದ್ದವು, ಮಳೆ ನೀರು ಒಳಗಿಳಿಯದಂತೆ ಅದು ಹೇಗೆ ತಡೆಯುತ್ತಿತ್ತು ಎಂಬುದೂ ನೋಡಬೇಕಾದ ವಿಷಯವೇ. ಅರಮನೆ, ದೇವಸ್ಥಾನಗಳಷ್ಟೇ ಗೌರವವನ್ನು ರೈತರ ಮಾಳಿಗೆ ಮನೆಗೂ ಕೊಟ್ಟು ಪರೀಕ್ಷಿಸಬೇಕು ಎಂಬುದು ನನ್ನ ಮಾತು. ಆ ಮನೆಗಳು ಇಂದು ಎಲ್ಲಕ್ಕಿಂತ ಬೇಗ ಕಣ್ಮರೆಯಾಗುತ್ತಿವೆ.

ಕಿರಣಕ್ಕೆ ಎಲ್ಲವೂ ಸಾಧ್ಯ ಎಂದು ತಿಳಿಯಬಾರದು. ಹಾವಸೆ, ಜೇಡಿ, ಹೊಗೆಮಸಿ ಇದ್ದರೆ ಲೇಸರ್ ತಾಗಿದೊಡನೆ ಅವೇ ಹೊಳೆದು ರಾಮನ್ ಗೆರೆಯನ್ನು ಮುಳುಗಿಸಿಬಿಡುತ್ತವೆ. ಆಗ ಹಸಿರು ಲೇಸರ್ ಬಿಟ್ಟು 785 ನ್ಯಾನೊಮೀಟರಿನ ಲೇಸರಿಗೆ ಹೋಗಬೇಕಾಗುತ್ತದೆ. ಬೆಲ್ಲ, ಅಳಲೆಕಾಯಿಯಂಥವು ನೂರಾರು ವರ್ಷಗಳಲ್ಲಿ ಒಡೆದು ಬೇರೆ ರೂಪ ತಾಳಿರುತ್ತವೆ. ಅವಕ್ಕೆ ಅವಕೆಂಪು ರೋಹಿತ, ಅನಿಲ ವರ್ಣಲೇಖನದಂಥ ಬೇರೆ ಪರೀಕ್ಷೆಗಳೇ ಬೇಕು. ಯಂತ್ರದ ಜೊತೆ ಊರಿನ ಗಾರೆ ಕೆಲಸ ಬಲ್ಲ ಹಿರಿಯರನ್ನೂ ಕೂರಿಸಿಕೊಂಡರೆ ಮಾತ್ರ ಉತ್ತರ ಪೂರ್ತಿಯಾಗುತ್ತದೆ.

ಇದರ ಅಗತ್ಯ ಏನೆಂದು ಕೇಳುವವರಿಗೆ ನೇರ ಉತ್ತರ ಇದೆ. ಜೀರ್ಣೋದ್ಧಾರದ ಹೆಸರಿನಲ್ಲಿ ಹಳೆಯ ಗಾರೆಯ ಮೇಲೆ ಸಿಮೆಂಟ್ ಮೆತ್ತುವುದು ನಮ್ಮಲ್ಲಿ ನಡೆದೇ ಇದೆ. ಸುಣ್ಣದ ಗೋಡೆ ಉಸಿರಾಡುತ್ತದೆ, ಒಳಗಿನ ತೇವ ಹೊರಗೆ ಆರುತ್ತದೆ. ಸಿಮೆಂಟ್ ಅದನ್ನು ತಡೆಯುತ್ತದೆ. ತೇವ ಒಳಗೇ ಉಳಿದು, ಉಪ್ಪು ಹರಳುಗಟ್ಟಿ, ಹಳೆಯ ಗಾರೆ ಸಿಮೆಂಟಿನ ಹಿಂದೆಯೇ ಪುಡಿಯಾಗುತ್ತದೆ. ಹೊರಗೆ ಹೊಸದಾಗಿ ಕಾಣುವ ಗೋಡೆ ಒಳಗೆ ಟೊಳ್ಳು. ಹಳೆಯ ಗಾರೆಯ ಸುಣ್ಣ, ಮರಳು, ಸುರ್ಕಿಯ ಲೆಕ್ಕ ಕೈಯಲ್ಲಿದ್ದರೆ ಅದಕ್ಕೆ ಹೊಂದುವ ಗಾರೆಯನ್ನೇ ಮತ್ತೆ ಅರೆದು ಹಚ್ಚಬಹುದು.

ಸಂತೇಬೆನ್ನೂರಿನ ಹೊಂಡ, ಮುಸಾಫಿರ್‌ಖಾನೆ ಪುರಾತತ್ವ ಸರ್ವೇಕ್ಷಣ ಇಲಾಖೆಯ ರಕ್ಷಣೆಯಲ್ಲಿವೆ. ಅಲ್ಲಿ ಇಲಾಖೆಯ ಅನುಮತಿ ಇಲ್ಲದೆ ಒಂದು ಚೂರನ್ನೂ ಯಾರೂ ಮುಟ್ಟಬಾರದು. ಆದರೆ ರಕ್ಷಣೆಯ ಪಟ್ಟಿಗೆ ಬರದ ಗುಡಿ, ಕೋಟೆಗೋಡೆ, ಮಠ, ಬಾವಿ, ಮಾಳಿಗೆ ಮನೆಗಳು ಈ ನಾಲ್ಕು ತಾಲ್ಲೂಕುಗಳ ತುಂಬ ಇವೆ. ಊರಿನ ಹಿರಿಯರು, ದೇವಸ್ಥಾನದ ಸಮಿತಿಯವರು, ಕಂಟ್ರಾಕ್ಟರುಗಳು ದಯವಿಟ್ಟು ಒಂದು ಕೆಲಸ ಮಾಡಿ. ಹಳೆಯ ಗೋಡೆ ಕೆಡವುವ ಅಥವಾ ಕೆರೆಯುವ ಮೊದಲು ಅದರ ಫೋಟೋ ತೆಗೆಯಿರಿ. ಗಾರೆಯ ಒಂದು ಹಿಡಿ ಚೂರನ್ನು ಒಣ ಡಬ್ಬಿಯಲ್ಲಿ ಹಾಕಿ, ಯಾವ ಊರು, ಯಾವ ಗೋಡೆ, ನೆಲದಿಂದ ಎಷ್ಟು ಎತ್ತರ, ಯಾವ ದಿನ ತೆಗೆದದ್ದು ಎಂದು ಚೀಟಿ ಬರೆದು ಎತ್ತಿಡಿ. ಹತ್ತಿರದ ಕಾಲೇಜಿನ ಭೂವಿಜ್ಞಾನದ ಅಥವಾ ಭೌತಶಾಸ್ತ್ರದ ಮೇಷ್ಟರಿಗೆ ಒಂದು ಮಾತು ತಿಳಿಸಿ. ಸಿಮೆಂಟ್ ಕಲಸುವುದು ಅದರ ನಂತರ.